ಮಳೆಗೆ ಬಿದ್ದ ಕಾಂಪೌಂಡ್ ಗೋಡೆ, ಮೊದಲೇ ಇದ್ದ ಬಿರುಕು: ಮನೆ ವಿಮೆಯ ಕ್ಲೇಮು ಹೇಗೆ?

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಗೋಪನಕೊಪ್ಪದ ಕಡೆ ನಾಲ್ಕು ವರ್ಷದ ಹಿಂದೆ ಬ್ಯಾಂಕ್ ಸಾಲ ಮಾಡಿ ಕಟ್ಟಿಸಿದ ಮನೆ. ಕಳೆದ ಮಂಗಳವಾರ ರಾತ್ರಿಯ ಮಳೆಗೆ ಓಣಿಯ ಹಿಂದಿನ ನಾಲಾ ಉಕ್ಕಿ, ಹಿತ್ತಲ ಕಾಂಪೌಂಡ್ ಗೋಡೆ ಸುಮಾರು ಮೂವತ್ತು ಅಡಿ ಉದ್ದಕ್ಕೆ ಒಳಗೆ ಮಗುಚಿ ಬಿದ್ದಿತು. ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು ನಿಂತು ಫ್ರಿಜ್, ಪ್ಲೈವುಡ್ ಕಪಾಟುಗಳು ಮತ್ತು ಎರಡು ಚೀಲ ಜೋಳ ಹಾಳಾದವು. ಇದಲ್ಲದೆ, ಮಲಗುವ ಕೋಣೆಯ ಕಿಟಕಿಯ ಮೂಲೆಯಲ್ಲಿ ಮೊದಲಿನಿಂದಲೂ ಇದ್ದ ಸಣ್ಣ ಬಿರುಕು ಈಗ ರೂಪಾಯಿ ನಾಣ್ಯ ತೂರುವಷ್ಟು ಅಗಲವಾಗಿದೆ. ಅದೇ ಕೋಣೆಯ ಛತ್ತು ಹೋದ ವರ್ಷದಿಂದಲೇ ಸೋರುತ್ತಿದೆ.

ಸಾಲ ಪಡೆಯುವಾಗ ವಿಮೆಗೆಂದು ಹಣ ಕಡಿತವಾಗಿತ್ತು. ಕಂಪನಿಗೆ ಫೋನ್ ಮಾಡಿ ಎಲ್ಲವನ್ನೂ ಒಟ್ಟಿಗೆ ಹೇಳಿದಾಗ, "ಸೋರಿಕೆಗೆ ಕ್ಲೇಮು ಬರುವುದಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಗೌಂಡಿಯವರು ಇಟ್ಟಿಗೆ ತೆಗೆದು ಜಾಗ ಖಾಲಿ ಮಾಡಿಕೊಡಿ ಎಂದು ಅವಸರ ಮಾಡುತ್ತಿದ್ದಾರೆ. ಮುಂದೇನು ಮಾಡಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಧಾರವಾಡದಿಂದ, ಸಾಮಾನ್ಯ ವಿಮೆಯ ಕಚೇರಿಯಿಂದ ನಿವೃತ್ತ)

ಅಮ್ಮಾ, ಮೊದಲು ತಮ್ಮ ಕೈಯಲ್ಲಿರುವ ಕಾಗದ ಯಾವುದೆಂದು ನೋಡಿಕೊಳ್ಳಿ. ಸಾಲದ ಜೊತೆಗೆ ಬರುವ ವಿಮೆಯಲ್ಲಿ ಎರಡು ಬಗೆಯಿದೆ. ಒಂದು, ಸಾಲಗಾರರು ತೀರಿಕೊಂಡರೆ ಸಾಲ ತುಂಬುವ ಜೀವವಿಮೆ. ಅದಕ್ಕೂ ತಮ್ಮ ಗೋಡೆಗೂ ಸಂಬಂಧವಿಲ್ಲ. ಇನ್ನೊಂದು, ಕಟ್ಟಡದ ಮೇಲಿನ ವಿಮೆ. ಎಷ್ಟೋ ಜನ ಮೊದಲನೆಯದನ್ನೇ ಮನೆ ವಿಮೆಯೆಂದು ನಂಬಿ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಎರಡನೆಯದು ಇದ್ದರೆ ಬ್ಯಾಂಕಿನಿಂದ ಪೂರ್ಣ ಪಾಲಿಸಿ ಮತ್ತು ಅದರ ಷೆಡ್ಯೂಲ್ (ಯಾವುದಕ್ಕೆ, ಎಷ್ಟು ಮೊತ್ತಕ್ಕೆ ವಿಮೆಯಿದೆ ಎಂಬ ವಿವರದ ಹಾಳೆ) ಪಡೆಯಿರಿ.

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡುತ್ತಿವೆ. ತಮ್ಮದೂ ಅದೇ ಆಗಿದ್ದರೆ, ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ ಮತ್ತು ನೀರು ನುಗ್ಗುವಿಕೆಯಿಂದಾದ ಹಾನಿಗೆ ಪರಿಹಾರವಿದೆ; ಕಟ್ಟಡವೆಂದರೆ ಕಾಂಪೌಂಡ್ ಗೋಡೆಯೂ ಸೇರುತ್ತದೆ. ಆದರೆ ಈ ಪಾಲಿಸಿ ಮನೆಗೆ ಏನೇ ಆದರೂ ತುಂಬಿಕೊಡುತ್ತೇನೆ ಎನ್ನುವುದಿಲ್ಲ, ಇಂತಿಂಥ ಕಾರಣದಿಂದ ಆದದ್ದನ್ನು ತುಂಬಿಕೊಡುತ್ತೇನೆ ಎನ್ನುತ್ತದೆ. ಫೋನಿನಲ್ಲಿ ತಾವು ನಾಲಾ ನೀರನ್ನೂ ಛತ್ತಿನ ಸೋರಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ, ಆ ಕಡೆಯವರು ಸೋರಿಕೆಯನ್ನಷ್ಟೇ ಹಿಡಿದುಕೊಂಡರು. ಆದ್ದರಿಂದ ಹೊಸದಾಗಿ ಇ-ಮೇಲ್ ಬರೆದು, "ಇಂಥ ದಿನ ರಾತ್ರಿ ನಾಲಾ ನೀರು ನುಗ್ಗಿ ಆದ ಹಾನಿ" ಎಂಬ ತಲೆಬರಹದ ಕೆಳಗೆ ಗೋಡೆ ಮತ್ತು ಅಡುಗೆಮನೆಯ ಸಾಮಾನುಗಳನ್ನು ಮಾತ್ರ ಪಟ್ಟಿ ಮಾಡಿ, ಕ್ಲೇಮಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ಕ್ಲೇಮು ಫಾರ್ಮನ್ನು ಹಾನಿ ಕಂಡ 30 ದಿನಗಳೊಳಗೆ ಕೊಡಬೇಕು.

ಸಾಮಾನಿನ ವಿಷಯದಲ್ಲಿ ಒಂದು ಮಾತು. ಕಟ್ಟಡ ಮತ್ತು ಸಾಮಾನು ಎರಡಕ್ಕೂ ಪಾಲಿಸಿ ಇದ್ದರೆ, ಪ್ರತ್ಯೇಕ ಪಟ್ಟಿ ಕೊಡದಿದ್ದರೂ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಮನೆಯ ಸಾಮಾನುಗಳಿಗೆ ರಕ್ಷಣೆ ಸಿಗುತ್ತದೆ. ಬ್ಯಾಂಕ್ ಕಟ್ಟಡಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ ಫ್ರಿಜ್ಜಿಗೆ ಏನೂ ಬರುವುದಿಲ್ಲ. ಇದು ಷೆಡ್ಯೂಲ್ ನೋಡಿಯೇ ತಿಳಿಯಬೇಕು. ಒಡವೆಗಳು ಈ ಲೆಕ್ಕದಲ್ಲಿ ಸೇರುವುದಿಲ್ಲ, ಅವುಗಳಿಗೆ ಬೇರೆ ರಕ್ಷಣೆ ಪಡೆಯಬೇಕು.

ಗೌಂಡಿಯವರನ್ನು ತಡೆಯಿರಿ. ನೀರು ಹೊರಹಾಕುವುದು, ವಿದ್ಯುತ್ ಸಂಪರ್ಕ ಸರಿಪಡಿಸುವುದು, ತಗಡು ಅಡ್ಡ ಕಟ್ಟುವುದು ಇವನ್ನು ಮಾಡಲೇಬೇಕು. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಹೊಣೆ. ಆದರೆ ಬಿದ್ದ ಇಟ್ಟಿಗೆ ಮತ್ತು ಕೆಟ್ಟ ಫ್ರಿಜ್, ಹಾನಿಯನ್ನು ಅಂದಾಜು ಮಾಡಲು ಕಂಪನಿ ನೇಮಿಸುವ ಸರ್ವೇಯರ್ ನೋಡುವವರೆಗೆ ಅಲ್ಲಿಯೇ ಇರಲಿ.

ಉತ್ತರ 2 (ಗದಗದಿಂದ, ಸಿವಿಲ್ ಎಂಜಿನಿಯರ್)

ನಾನು ಬಿರುಕಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಗದಗ, ನವಲಗುಂದ, ಹುಬ್ಬಳ್ಳಿಯ ಪೂರ್ವ ಭಾಗದಲ್ಲೆಲ್ಲ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಅಂಗೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಬುನಾದಿ ಅದರ ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಯದಿದ್ದರೆ, ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಪ್ರತಿ ವರ್ಷ ತೆರೆದು ಮುಚ್ಚುತ್ತಿರುತ್ತದೆ. ಕಟ್ಟಡ ಸಹಜವಾಗಿ ಕುಳಿತುಕೊಳ್ಳುವುದರಿಂದ ಬರುವ ಬಿರುಕು, ದೋಷಪೂರಿತ ವಿನ್ಯಾಸ ಅಥವಾ ಕಳಪೆ ಕೆಲಸದಿಂದ ಆದ ಹಾನಿ ಇವನ್ನು ಪಾಲಿಸಿ ಹೊರಗಿಡುತ್ತದೆ.

ಹಾಗೆಂದು ಕೈಬಿಡಬೇಕಾಗಿಲ್ಲ. ಬಿರುಕಿನೊಳಗೆ ಟಾರ್ಚ್ ಹಾಕಿ ನೋಡಿ: ಅಂಚುಗಳು ಕಪ್ಪಾಗಿ ಧೂಳು, ಜೇಡರ ಬಲೆ ಕಂಡರೆ ಅದು ಹಳೆಯದು, ಗಿಲಾವಿನ ಅಂಚು ಬೆಳ್ಳಗೆ ಚೂಪಾಗಿದ್ದರೆ ಹೊಸದಾಗಿ ಒಡೆದದ್ದು. ತಮ್ಮ ಬಿರುಕಿನಲ್ಲಿ ಬಹುಶಃ ಎರಡೂ ಇರುತ್ತವೆ. ನಾಲಾ ನೀರು ಬುನಾದಿಯ ಪಕ್ಕದ ಮಣ್ಣು ಕೊಚ್ಚಿಕೊಂಡು ಹೋಗಿ ಆ ಮೂಲೆ ಕುಸಿದಿದ್ದರೆ ಅದು ಬೇರೆಯೇ ವಿಷಯ. ಹೊರಗಿನಿಂದ ಅಲ್ಲಿ ಗುಂಡಿ ಬಿದ್ದಿದೆಯೇ ನೋಡಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಹಳೆಯ ಬಿರುಕನ್ನು ಮುಚ್ಚಿಡಬೇಡಿ. ಗೃಹಪ್ರವೇಶದ ಫೋಟೋದಲ್ಲಿ ಅದೇ ಗೋಡೆ ಕಂಡರೆ, ಒಂದು ಸುಳ್ಳಿಗಾಗಿ ಇಡೀ ಕ್ಲೇಮು ಸಂಶಯಕ್ಕೆ ಬೀಳುತ್ತದೆ.

ಉತ್ತರ 3 (ಹಾವೇರಿಯಿಂದ)

2019ರ ಆಗಸ್ಟ್ ಮಳೆಯಲ್ಲಿ ನಮ್ಮ ಮನೆಯ ಹಿಂಭಾಗ ಕುಸಿದಿತ್ತು. ನಮ್ಮದು ಹಳೆಯ ಮಾದರಿಯ ಪಾಲಿಸಿ. ಮನೆ ಮತ್ತೆ ಕಟ್ಟಲು 16 ಲಕ್ಷ ಬೇಕಾಗುತ್ತಿತ್ತು, ನಾವು ವಿಮೆಯ ಕಂತು ಉಳಿಸಲು 8 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದೆವು. ಹಾನಿ 1,80,000 ಎಂದು ಸರ್ವೇಯರ್ ಒಪ್ಪಿದರೂ, ಅರ್ಧ ಮೌಲ್ಯಕ್ಕೆ ಮಾತ್ರ ವಿಮೆ ಇದೆಯೆಂದು 90,000ಕ್ಕೆ ಇಳಿಸಿದರು. ಆಗ ಬಹಳ ಸಿಟ್ಟು ಬಂದಿತ್ತು, ಆದರೆ ಪಾಲಿಸಿಯಲ್ಲಿ ಹಾಗೆಯೇ ಬರೆದಿತ್ತು.

ಉತ್ತರ 1ರವರು ಮತ್ತೆ

ಹಾವೇರಿಯವರು ಹೇಳಿದ ಕಡಿತ ಭಾರತ್ ಗೃಹ ರಕ್ಷಾದಲ್ಲಿ ಇಲ್ಲ. ಆದರೂ ವಿಮಾ ಮೊತ್ತ ಸರಿಯಾಗಿರಬೇಕು. ಜಾಗದ ಬೆಲೆಯನ್ನು ಇದರಲ್ಲಿ ಸೇರಿಸುವಂತಿಲ್ಲ. ಮನೆಯ ವಿಸ್ತೀರ್ಣವನ್ನು ಇಂದಿನ ಕಟ್ಟುವ ದರದಿಂದ ಗುಣಿಸಬೇಕು. 1,100 ಚದರ ಅಡಿಗೆ 1,900 ರೂಪಾಯಿಯಂತೆ ಹಿಡಿದರೆ 20,90,000 ಆಗುತ್ತದೆ.

ವಿಮಾ ನಿಯಂತ್ರಣ ಪ್ರಾಧಿಕಾರದ (IRDAI) 2024ರ ಸುತ್ತೋಲೆಯಂತೆ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಮೇಲೆ ಎಂದು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ, ಅದಕ್ಕೆ ಎರಡು ವರ್ಷದ ಅವಧಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬ್ಯಾಂಕಿನಲ್ಲಿ ಎರಡೂ ಪಾಲಿಸಿಗಳು ಸಿಕ್ಕವು. ಮನೆಯದ್ದು ಭಾರತ್ ಗೃಹ ರಕ್ಷಾ, ಸಾಮಾನು ಸೇರಿಯೇ ಇದೆ. ನಿನ್ನೆ ಸರ್ವೇಯರ್ ಬಂದು ಅಡುಗೆಮನೆಯ ಗೋಡೆಯ ಮೇಲೆ ಕೆಸರು ಬಿಟ್ಟುಹೋದ ಗೆರೆಯನ್ನು ನೆಲದಿಂದ ಅಳೆದರು, ಬಿದ್ದ ಗೋಡೆಯ ಉದ್ದ, ಎತ್ತರ, ದಪ್ಪ ಬರೆದುಕೊಂಡರು. ಬಿರುಕು ಹಳೆಯದೆಂದು ನಾನೇ ಹೇಳಿ, ಹೊರಗಿನ ಮೂಲೆಯಲ್ಲಿ ಮಣ್ಣು ಕೊಚ್ಚಿಹೋದ ಗುಂಡಿಯನ್ನು ತೋರಿಸಿದೆ. ಅವರು ಮೊಳಕೈವರೆಗೆ ಕೈ ಇಳಿಸಿ ನೋಡಿ, ಏನೂ ಹೇಳದೆ ನಾಲ್ಕು ಫೋಟೋ ತೆಗೆದುಕೊಂಡರು. ಛತ್ತಿನ ಸೋರಿಕೆಯನ್ನು ನಾನು ಕ್ಲೇಮಿನಲ್ಲಿ ಸೇರಿಸಿಲ್ಲ. ವರದಿಯ ಪ್ರತಿ ಬೇಕೆಂದು ಇ-ಮೇಲ್ ಕಳಿಸಿದ್ದೇನೆ. ಇಟ್ಟಿಗೆ ತೆಗೆಯಲು ಗೌಂಡಿಯವರು ಸೋಮವಾರ ಬರುತ್ತಾರೆ.