ಪದಚರ್ಚೆ: ಹೊಡೆದಾಟದ ಮಾಂಗಾದಲ್ಲಿ ಬರುವ ಪ್ರೀತಿಗೆ ‘ಉಪಕಥೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಕಾಮಿಕ್ಸ್ ಬರೆಯಲು ಹೊರಟಿರುವ ಕೆಲವು ಹುಡುಗ ಹುಡುಗಿಯರಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಹೊಡೆದಾಟವೇ ಮುಖ್ಯವಾದ ಮಾಂಗಾಗಳಲ್ಲಿ (ಜಪಾನಿನ ಕಾಮಿಕ್ಸ್‌ನಲ್ಲಿ) ಪ್ರೀತಿಯನ್ನು ಹೇಗೆ ತರುತ್ತಾರೆ ಅನ್ನೋದು ವಿಷಯ. ಬರೆಯುತ್ತಾ ಬರೆಯುತ್ತಾ ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲನೆಯದು ‘ಸಬ್‌ಪ್ಲಾಟ್’. ಸಾಮಾನ್ಯವಾಗಿ ‘ಉಪಕಥೆ’ ಅಂತ ಬರೆಯುತ್ತೇವೆ. ನನಗೆ ಅದು ಒಗ್ಗುತ್ತಿಲ್ಲ. ಉಪಕಥೆ ಅಂದ ಕೂಡಲೇ ಮಹಾಭಾರತದ ನಳೋಪಾಖ್ಯಾನ ನೆನಪಾಗುತ್ತದೆ. ವನಪರ್ವದಲ್ಲಿ ಬೃಹದಶ್ವ ಋಷಿ ಧರ್ಮರಾಯನಿಗೆ ಹೇಳುವ ಕಥೆ. ಅದನ್ನು ಪೂರ್ತಿ ಎತ್ತಿ ಬೇರೆ ಇಟ್ಟರೂ ಪಾಂಡವರ ಕಥೆ ನಡೆಯುತ್ತದೆ. ಕನಕದಾಸರು ಅದನ್ನೇ ‘ನಳಚರಿತ್ರೆ’ ಅಂತ ಬೇರೆ ಕಾವ್ಯ ಮಾಡಿದರಲ್ಲ! (ಕಥೆ ಮುಗಿದ ಮೇಲೆ ಧರ್ಮರಾಯನಿಗೆ ಅಕ್ಷವಿದ್ಯೆ ಸಿಗುತ್ತದೆ ಅಂತ ಯಾರಾದರೂ ಹೇಳಬಹುದು. ನಿಜ. ಆದರೆ ಪಗಡೆ ಕಲಿಯೋದಕ್ಕೆ ದಮಯಂತಿ ಬೇಕಿರಲಿಲ್ಲ.)

ಒಳ್ಳೆಯ ಮಾಂಗಾದ ಪ್ರೀತಿ ಹೀಗೆ ಬಿಡಿಸಿ ಎತ್ತುವಂಥದ್ದಲ್ಲ. ಹಿರೋಮು ಅರಾಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ನೋಡಿ. 2001ರಿಂದ 2010ರವರೆಗೆ ಬಂತು, ಒಟ್ಟು 27 ಸಂಪುಟ. ಕಥಾನಾಯಕ ರಸವಿದ್ಯೆ (ಆಲ್ಕೆಮಿ) ಬಲ್ಲ ಹುಡುಗ ಎಡ್ವರ್ಡ್. ಎಡ್ವರ್ಡ್‌ಗೆ ಬಲಗೈ, ಎಡಗಾಲು ಎರಡೂ ಲೋಹದವು. ಅವನ್ನು ನೋಡಿಕೊಳ್ಳುವವಳು ಚಿಕ್ಕಂದಿನ ಗೆಳತಿ ವಿನ್ರಿ. ಅವನು ಹೊಡೆದಾಡಿ ಕೈ ಮುರಿದುಕೊಂಡು ಬರುತ್ತಾನೆ. ಅವಳು ಚೆನ್ನಾಗಿ ಬೈದು ರಿಪೇರಿ ಮಾಡುತ್ತಾಳೆ. ಅಂದರೆ ಇವರಿಬ್ಬರು ಮತ್ತೆ ಸೇರೋದಕ್ಕೆ ಹೊಡೆದಾಟವೇ ನೆಪ. ಕೊನೆಗೆ ರೈಲ್ವೆ ನಿಲ್ದಾಣದಲ್ಲಿ ಅವನು ಮದುವೆ ಮಾತು ಎತ್ತುವುದೂ ರಸವಿದ್ಯೆಯ ನಿಯಮ ಹಿಡಿದೇ. ನನ್ನ ಬದುಕಿನ ಅರ್ಧ ಕೊಡುತ್ತೇನೆ, ನಿನ್ನದರಲ್ಲಿ ಅರ್ಧ ಕೊಡು ಅಂತಾನೆ. ಅರ್ಧ ಯಾಕೆ, ಪೂರ್ತಿ ತಗೋ ಅಂದವಳು, ಆಮೇಲೆ ಪರ್ಸೆಂಟ್ ಲೆಕ್ಕ ಹಾಕಲು ಶುರು ಮಾಡುತ್ತಾಳೆ. ಒಂದನ್ನು ಪಡೆಯಲು ಅಷ್ಟೇ ಬೆಲೆಯ ಇನ್ನೊಂದನ್ನು ಕೊಡಬೇಕು ಅನ್ನುವ ಆ ನಿಯಮವೇ ಇಡೀ ಕಥೆಯನ್ನು ನಡೆಸಿದ್ದು. ಈ ಪ್ರೀತಿಯನ್ನು ಕಿತ್ತರೆ ಹೊಡೆದಾಟವೂ ಸಡಿಲವಾಗುತ್ತದೆ.

ಹಾಗಾಗಿ ‘ಎಳೆ’ ವಾಸಿ ಅನಿಸಿದೆ. ಹಾಸುಹೊಕ್ಕು ಅನ್ನುವ ಮಾತು ನಮ್ಮಲ್ಲಿ ಇದ್ದೇ ಇದೆ. ಮುಖ್ಯ ಕಥೆ ಹಾಸಾದರೆ ಇದು ‘ಹೊಕ್ಕುಗತೆ’. ಅತಿಯಾಯಿತಾ? ಸಿನಿಮಾದವರ ‘ಲವ್ ಟ್ರ್ಯಾಕ್’ ಎಲ್ಲರಿಗೂ ಗೊತ್ತು. ಆದರೆ ಅದು ಫೈಟು, ಹಾಡು, ಮತ್ತೆ ಫೈಟು ಅಂತ ಪಕ್ಕಪಕ್ಕದಲ್ಲಿ ಓಡುವ ಬೇರೆ ಬೇರೆ ಹಳಿ. ಕೆಟ್ಟದಾಗಿ ಬರೆದದ್ದಕ್ಕೆ ಆ ಹೆಸರನ್ನು ಉಳಿಸಿಕೊಳ್ಳೋಣ ಅಂತಿದ್ದೇನೆ.

‘ಬಿಲೀವಬಲ್’ಗೆ ‘ವಿಶ್ವಾಸಾರ್ಹ’ ಹಾಕಿದರೆ ಬ್ಯಾಂಕಿನ ಜಾಹೀರಾತು ಆಗುತ್ತದೆ. ‘ನಂಬುವಂಥ ಪ್ರೀತಿ’ ಅಂದರೆ ಹುಡುಗ ಮೋಸ ಮಾಡಲ್ಲ ಅಂತ ಅರ್ಥ ಬರುತ್ತದೆ. ಸದ್ಯಕ್ಕೆ ‘ಹೌದೆನಿಸುವ’ ಅಂತ ಬರೆದಿದ್ದೇನೆ.

ಇನ್ನು ಪ್ರೀತಿಯ ಮಾತು. ಮಸಾಶಿ ಕಿಶಿಮೊಟೊ ಅವರ ‘ನರುಟೊ’ದಲ್ಲಿ ಪೇನ್ ಎಂಬ ಎದುರಾಳಿ ನರುಟೊನನ್ನು ನೆಲಕ್ಕೆ ಚುಚ್ಚಿ ಕೆಡವಿರುತ್ತಾನೆ. ಗೆಲ್ಲಲ್ಲ ಅಂತ ಗೊತ್ತಿದ್ದೂ, ಅವನನ್ನು ಪ್ರೀತಿಸುವ ಹಿನಾಟಾ ನಡುವೆ ಬಂದು ನಿಲ್ಲುತ್ತಾಳೆ. ಆಗ ಅವಳು ಆಡುವ ಪದ ‘ದೈಸುಕಿ’, ಅಂದರೆ ‘ತುಂಬಾ ಇಷ್ಟ’. ‘ಐಶಿತೆರು’ (ಪ್ರೀತಿಸುತ್ತೇನೆ) ಅಲ್ಲ. ‘ಐಶಿತೆರು’ ಬಹಳ ಭಾರದ ಮಾತು, ಜಪಾನಿನವರು ದಿನನಿತ್ಯದಲ್ಲಿ ಅಪರೂಪಕ್ಕೆ ಆಡುತ್ತಾರೆ. ‘ದೈಸುಕಿ’ಯೊಳಗಿನ ‘ಸುಕಿ’ (ಇಷ್ಟ) ಕ್ರಿಯಾಪದವೇ ಅಲ್ಲ. ನಮ್ಮ ‘ನನಗೆ ನೀನಂದ್ರೆ ಇಷ್ಟ’ದಲ್ಲೂ ಕ್ರಿಯಾಪದ ಇಲ್ಲ, ಅಲ್ವಾ? ಅಲ್ಲೂ ಇಲ್ಲೂ ತಿಂಡಿಗೂ ಅದೇ ಪದ, ಮನುಷ್ಯರಿಗೂ ಅದೇ. ಹಾಗಾಗಿ ‘ನೀನಂದ್ರೆ ನಂಗೆ ತುಂಬಾ ಇಷ್ಟ’ ಅಂತ ಹಾಕಿದೆ. ಕರಡು ಓದಿದ ಗೆಳೆಯರೊಬ್ಬರು ‘ಐಸ್‌ಕ್ರೀಮ್ ಬಗ್ಗೆ ಹೇಳಿದ ಹಾಗಿದೆ’ ಅಂದರು. ನಾನು ಒಪ್ಪಲಿಲ್ಲ. ಸಾವಿನ ಮುಂದೆ ಬಂದು ನಿಂತವಳ ಮಾತಿಗೆ ಭಾರ ಆಗಲೇ ಬಂದಿದೆ. ಅಲ್ಲಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂದರೆ ಓದುವವರು ನಗುತ್ತಾರೆ.

ಹೀಗೆ ಮೊದಲ ಸಲ ಬಾಯಿಬಿಟ್ಟು ಹೇಳುವುದಕ್ಕೆ ಜಪಾನಿನಲ್ಲಿ ‘ಕೊಕುಹಾಕು’ ಅನ್ನುತ್ತಾರೆ. ‘ಪ್ರೇಮ ನಿವೇದನೆ’ ನಾಟಕದ ಪರದೆ ಎಳೆದ ಹಾಗಿದೆ. ಕಾಲೇಜಿನವರ ‘ಪ್ರಪೋಸ್ ಮಾಡು’ ಅರ್ಥಕ್ಕೆ ಹತ್ತಿರ. ತೊಂದರೆ ಏನೆಂದರೆ ಎಡ್ವರ್ಡ್ ಮಾಡಿದ್ದೂ ಪ್ರಪೋಸ್, ಹಿನಾಟಾ ಮಾಡಿದ್ದೂ ಪ್ರಪೋಸ್ ಆಗುತ್ತದೆ. ಬೇರೆ ಪದ ಇದ್ದರೆ ಹೇಳಿ.

ಕೊನೆಯದು ಕರೆಯುವ ರೀತಿ. ‘ಬ್ಲೀಚ್’ ಮಾಂಗಾದಲ್ಲಿ ಓರಿಹಿಮೆ ತನ್ನ ಸಹಪಾಠಿ ಇಚಿಗೊ ಕುರೊಸಾಕಿಯನ್ನು ಮನೆತನದ ಹೆಸರಿನಿಂದ ‘ಕುರೊಸಾಕಿ-ಕುನ್’ ಅಂತಾಳೆ (‘ಕುನ್’ ಹುಡುಗರ ಹೆಸರಿಗೆ ಹಚ್ಚುವ ಮರ್ಯಾದೆಯ ಪದ). ರುಕಿಯಾ ಎಂಬ ಇನ್ನೊಬ್ಬ ಹುಡುಗಿ ಅವನನ್ನೇ ಸೀದಾ ‘ಇಚಿಗೊ’ ಅಂತಾಳೆ. ಯಾರಿಗೆ ಯಾರು ಎಷ್ಟು ಹತ್ತಿರ ಅಂತ ಓದುಗರು ಇದರಿಂದಲೇ ಅಳೆಯುತ್ತಾರೆ. ಕನ್ನಡದಲ್ಲಿ ಇಬ್ಬರಿಗೂ ‘ನೀನು’ ಹಾಕಿದರೆ ಆ ಅಳತೆ ಹೋಗುತ್ತದೆ. ‘ಕುರೊಸಾಕಿ ಅವರೇ’ ಅಂದರೆ ಆಫೀಸು. ನಿಮ್ಮ ಕಡೆ ಒಂದೇ ತರಗತಿಯ ಹುಡುಗ ಹುಡುಗಿ ‘ನೀವು’, ‘ರೀ’ ಅಂತ ಶುರು ಮಾಡಿ ಆಮೇಲೆ ‘ನೀನು’ಗೆ ಇಳಿಯೋದು ಇದೆಯಾ? ಇದ್ದರೆ ಮೊದಲು ಇಳಿಯೋದು ಯಾರು, ಹುಡುಗನಾ ಹುಡುಗಿಯಾ?