ಹಳೇ ಫ್ಲಾಟ್ ತಗೊಂಡು ರಿಪೇರಿ ಮಾಡಿ ಮಾರೋದಾ, ಬಾಡಿಗೆಗೆ ಬಿಡೋದಾ? (ಉತ್ತರಹಳ್ಳಿ, 60 ಲಕ್ಷ)

ಹೊಸಮನೆ_82

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಉತ್ತರಹಳ್ಳಿ ಹತ್ರ 15 ವರ್ಷ ಹಳೇ ಅಪಾರ್ಟ್‌ಮೆಂಟಲ್ಲಿ ಎರಡನೇ ಮಹಡಿಯ 2 ಬಿಎಚ್‌ಕೆ ಮಾರಾಟಕ್ಕಿದೆ, ಓನರ್ 60 ಲಕ್ಷ ಹೇಳ್ತಿದ್ದಾರೆ. ನನ್ನ ಕೈಯಲ್ಲಿ 20 ಲಕ್ಷ, ಉಳಿದದ್ದು ಬ್ಯಾಂಕ್ ಸಾಲ. ಅಡುಗೆಮನೆ, ಬಾತ್‌ರೂಮ್ ಎರಡೂ ಹಳೇವು, ಬೆಡ್‌ರೂಮಿನ ಒಂದು ಗೋಡೆ ತೇವ ಇದೆ. 6 ಲಕ್ಷ ಖರ್ಚು ಮಾಡಿ 8 ತಿಂಗಳಲ್ಲಿ 72ಕ್ಕೆ ಕೊಡಬಹುದು ಅಂತಾರೆ ಬ್ರೋಕರ್. ಇಲ್ಲಾಂದ್ರೆ ತಿಂಗಳಿಗೆ 20 ಸಾವಿರ ಬಾಡಿಗೆ. ಯಾವ ದಾರಿ ಹಿಡಿಯಲಿ? ಮೊದಲು ಏನು ನೋಡಬೇಕು?

ಲೆಕ್ಕದ_ಪುಸ್ತಕ

ಸರ್, ಬ್ರೋಕರ್ ಹೇಳಿದ 12 ಲಕ್ಷದ ವ್ಯತ್ಯಾಸ ಕಾಗದದ ಮೇಲೆ ಹಾಕಿ ನೋಡಿ.

ಕರ್ನಾಟಕದಲ್ಲಿ 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು 2 ಆಗಿದೆ. ಒಟ್ಟು ಶೇ 7.6, ಅಂದ್ರೆ 4.56 ಲಕ್ಷ. ಮಾರ್ಗಸೂಚಿ ಮೌಲ್ಯ (ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಕನಿಷ್ಠ ದರ) ನಿಮ್ಮ ದರಕ್ಕಿಂತ ಹೆಚ್ಚಿದ್ದರೆ ಅದರ ಮೇಲೇ ಕಟ್ಟಬೇಕು. ಬ್ರೋಕರ್‌ಗೆ ಶೇ 1, ಅಂದ್ರೆ 60 ಸಾವಿರ. ರಿಪೇರಿ 6 ಲಕ್ಷ. ಬೆಲೆಯ ಶೇ 80 ಸಾಲ ತಗೊಂಡರೆ, 48 ಲಕ್ಷಕ್ಕೆ ಶೇ 8.5ರಂತೆ 8 ತಿಂಗಳ ಬಡ್ಡಿ 2.72 ಲಕ್ಷ. ಮೇಂಟೆನೆನ್ಸ್ ತಿಂಗಳಿಗೆ 3,500 ಅಂದ್ಕೊಂಡರೆ 28 ಸಾವಿರ. ಎಲ್ಲ ಕೂಡಿಸಿದರೆ 74.16 ಲಕ್ಷ. ಮಾರುವಾಗ ಮತ್ತೆ ಶೇ 1 ಬ್ರೋಕರೇಜ್. 72ಕ್ಕೆ ಮಾರಿದರೆ 2.88 ಲಕ್ಷ ಕೈಯಿಂದ ಹೋಗುತ್ತೆ. ಅಸಲು ವಾಪಸ್ ಬರೋಕೇ 75 ಬೇಕು.

ಮೇಲೆ ತೆರಿಗೆ. 24 ತಿಂಗಳೊಳಗೆ ಮಾರಿದರೆ ಅಲ್ಪಾವಧಿ ಲಾಭ, ನಿಮ್ಮ ಆದಾಯ ತೆರಿಗೆ ಸ್ಲ್ಯಾಬ್ ದರದಲ್ಲಿ ಕಟ್ಟಬೇಕು. 24 ತಿಂಗಳು ದಾಟಿದರೆ ಶೇ 12.5. ರಿಪೇರಿ ಖರ್ಚು ಕಳೆಯಬೇಕಂದ್ರೆ ಬಿಲ್ ಬೇಕು, ಮೇಸ್ತ್ರಿಗೆ ಕೈಯಲ್ಲಿ ಕೊಟ್ಟ ದುಡ್ಡಿಗೆ ಲೆಕ್ಕ ಸಿಗಲ್ಲ.

72ಕ್ಕೇ ಹೋಗುತ್ತೆ ಅಂತ ಇಟ್ಟುಕೊಂಡು, ತೆರಿಗೆಗೆ ಮುಂಚೆ 3 ಲಕ್ಷ ಉಳೀಬೇಕಂದ್ರೆ ಈ ಫ್ಲಾಟ್ 55 ಲಕ್ಷದ ಒಳಗೆ ಸಿಗಬೇಕು. 60ಕ್ಕೆ ತಗೊಂಡು ಮಾರೋದು ಬೇಡ.

ಇನ್ನೊಂದು. 30ರಿಂದ 75 ಲಕ್ಷದ ಸಾಲಕ್ಕೆ ಬ್ಯಾಂಕ್ ಮನೆ ಬೆಲೆಯ ಶೇ 80ರವರೆಗೆ ಮಾತ್ರ ಕೊಡುತ್ತೆ, ನೋಂದಣಿ ಖರ್ಚು ಅದರಲ್ಲಿ ಸೇರಲ್ಲ. 12 ಲಕ್ಷ ನಿಮ್ಮ ಪಾಲು, 4.56 ನೋಂದಣಿ, 60 ಸಾವಿರ ಬ್ರೋಕರ್, 6 ರಿಪೇರಿ: 23.16 ಲಕ್ಷ. ನಿಮ್ಮ 20 ಸಾಲದು.

ಇಟ್ಟಿಗೆ_ಗಾರೆ

ದರ ಮಾತಾಡೋ ಮುಂಚೆ ಆ ತೇವದ ಗೋಡೆ ನೋಡಿ. ಗೋಡೆಯ ಆಚೆ ಬದಿ ಬಾತ್‌ರೂಮ್ ಇದೆಯಾ? ಕಲೆ ನೆಲದಿಂದ ಮೇಲಕ್ಕೆ ಏರಿದೆಯಾ, ಸೀಲಿಂಗಿಂದ ಕೆಳಗಿಳಿದಿದೆಯಾ? ನೆಲದ ಕಡೆಯಿಂದಾದರೆ ನಿಮ್ಮದೇ ಬಾತ್‌ರೂಮಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗೋ ಬಾಯಿ) ಜಾಯಿಂಟ್ ಅಥವಾ ಗೋಡೆಯೊಳಗಿನ ಪೈಪ್ ಸೋರ್ತಿದೆ, ನೀವೇ ಸರಿಮಾಡಬಹುದು. ಸೀಲಿಂಗಿಂದಾದರೆ ಮೂರನೇ ಮಹಡಿಯವರ ಬಾತ್‌ರೂಮ್ ಒಡೀಬೇಕು. ಅವರು ಒಪ್ಪದೆ ಕೆಳಗಿಂದ ಎಷ್ಟು ಕೆಮಿಕಲ್ ಬಳಿದರೂ ನಿಲ್ಲಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಮೇಲಿನವರ ಹತ್ರ, ಅಸೋಸಿಯೇಷನ್ ಹತ್ರ ಮಾತಾಡಿ.

ಬೀಗದಕೈ ತುದಿಯಿಂದ ಕಲೆ ಇರೋ ಜಾಗ ಮೆಲ್ಲಗೆ ಕೆರೆದು ನೋಡಿ. ಬಿಳಿ ಪುಡಿ ಉದುರಿದರೆ ಗೋಡೆ ಉಪ್ಪು ಬಿಟ್ಟಿದೆ, ನೀರು ಬಹಳ ದಿನದಿಂದ ಇಳಿಯುತ್ತಿದೆ ಅಂತ ಅರ್ಥ. ಅದರ ಮೇಲೆ ಪುಟ್ಟಿ ಹಾಕಿ ಪೇಂಟ್ ಹೊಡೆದರೆ ಒಳಗಿನ ತೇವಕ್ಕೆ ಹೊರಬರೋ ದಾರಿ ಇರಲ್ಲ, ಉಪ್ಪು ಹಿಂದೆ ಕಟ್ಟಿಕೊಂಡು ಪುಟ್ಟಿ ಹಪ್ಪಳದ ಥರ ಎದ್ದು ಬರುತ್ತೆ. ಹೊಸದಾಗಿ ಪೇಂಟ್ ಆದ ಹಳೇ ಫ್ಲಾಟ್ ನೋಡೋವಾಗಲೂ ಇದನ್ನ ನೆನಪಿಡಿ.

ಸರಿಯಾದ ಕ್ರಮ ಇದು: ಹಳೇ ಟೈಲ್ಸ್ ಒಡೆದು ಕಾಂಕ್ರೀಟ್ ಸ್ಲ್ಯಾಬ್ ಕಾಣೋ ತನಕ ಬಿಡಿಸಿ. ಜಿಐ (ಕಬ್ಬಿಣದ) ಪೈಪ್ ಇದ್ದರೆ ತೆಗೆದು ಸಿಪಿವಿಸಿ (ಪ್ಲಾಸ್ಟಿಕ್) ಹಾಕಿಸಿ. ಮೂಲೆಗಳಿಗೆ ಗಾರೆ ತುಂಬಿ, ವಾಟರ್‌ಪ್ರೂಫಿಂಗ್ ಎರಡು ಕೋಟ್, ಗೋಡೆಗೆ ಒಂದಡಿ ಎತ್ತರಕ್ಕೆ, ಶವರ್ ಕೆಳಗೆ ಆರಡಿ. ಟ್ರ್ಯಾಪ್ ಬಾಯಿ ಮುಚ್ಚಿ ಎರಡು ಇಂಚು ನೀರು 48 ಗಂಟೆ ನಿಲ್ಲಿಸಿ, ಕೆಳಮನೆಯವರ ಸೀಲಿಂಗ್ ಹೋಗಿ ನೋಡಿ. ಒಣಗಿದ್ದರೆ ಮಾತ್ರ ಟೈಲ್ಸ್. ಬೆಡ್‌ರೂಮ್ ಗೋಡೆಯ ಪ್ಲಾಸ್ಟರ್ ಕೆತ್ತಿಸಿ ಕನಿಷ್ಠ 3-4 ವಾರ ಒಣಗಲು ಬಿಡಿ. ಪೇಂಟರ್ ಅವಸರ ಮಾಡ್ತಾರೆ, ಬಗ್ಗಬೇಡಿ.

ವೈರಿಂಗ್ ಬದಲಾಯಿಸೋದಾದರೆ ಲೈಟಿಗೆ 1.5, ಪವರ್ ಪಾಯಿಂಟಿಗೆ 2.5, ಗೀಸರಿಗೆ 4 ಚದರ ಮಿಮೀ. ಕರೆಂಟ್ ಸೋರಿದರೆ ತಾನೇ ಆಫ್ ಆಗೋ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ.

ಕಡತ_ಓದಿ

ಎ ಖಾತಾನಾ, ಬಿ ಖಾತಾನಾ ಅಂತ ಬರೆದೇ ಇಲ್ಲ ನೀವು. ಖಾತಾ ಅಂದ್ರೆ ಪಾಲಿಕೆಯ ಆಸ್ತಿ ದಾಖಲೆ; ಎ ನಿಯಮಬದ್ಧ, ಬಿ ಮಂಜೂರಾತಿ ಕೊರತೆ ಇರೋದು. ಬಿ ಖಾತಾ ಆದರೆ ಎಷ್ಟೋ ಬ್ಯಾಂಕುಗಳು ಸಾಲ ಕೊಡಲ್ಲ, ಅಂದ್ರೆ ನಾಳೆ ನಿಮ್ಮಿಂದ ಕೊಳ್ಳೋರಿಗೂ ಸಿಗಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರು ನಗರದಲ್ಲಿ ಇ-ಖಾತಾ (ಆನ್‌ಲೈನ್ ಖಾತಾ) ಇಲ್ಲದೆ ನೋಂದಣಿ ಇಲ್ಲ. ಇ-ಖಾತಾದಲ್ಲಿರೋ ಹೆಸರು, ಅಳತೆ, ಕ್ರಯಪತ್ರದ ಜೊತೆ ಅಕ್ಷರಕ್ಕಕ್ಷರ ಹೊಂದಬೇಕು.

ಇ.ಸಿ. (ಆಸ್ತಿ ಮೇಲಿನ ಸಾಲ, ವ್ಯವಹಾರಗಳ ಋಣಭಾರ ಪತ್ರ): 2004ರ ಏಪ್ರಿಲ್ ನಂತರದ್ದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಸಿಗುತ್ತೆ. ಅದಕ್ಕೆ ಹಿಂದಿನದ್ದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರೀಲಿ ಅರ್ಜಿ. ಫ್ಲಾಟಿನದ್ದಷ್ಟೇ ಸಾಲದು, ಕಟ್ಟಡ ನಿಂತಿರೋ ಜಾಗದ 30 ವರ್ಷದ್ದು ತೆಗೆಸಿ. ಜಾಗ ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ನೋಡಿ, ಹೆಣ್ಣುಮಕ್ಕಳ ಸಹಿ ಇದೆಯಾ ಅಂತ ಖಚಿತ ಮಾಡ್ಕೊಳ್ಳಿ. ಅಲ್ಲೇ ಹೆಚ್ಚು ದಾವೆ ಹುಟ್ಟೋದು. ಕ್ರಯಪತ್ರದಲ್ಲಿ ಯುಡಿಎಸ್ (ಜಾಗದಲ್ಲಿ ನಿಮ್ಮ ಪಾಲು) ಎಷ್ಟು ಚದರಡಿ, ಕಟ್ಟಡಕ್ಕೆ ಓಸಿ (ವಾಸಕ್ಕೆ ಯೋಗ್ಯ ಅನ್ನೋ ಪಾಲಿಕೆ ಪತ್ರ) ಇದೆಯಾ ಕೇಳಿ.

ಬೆಲೆ 50 ಲಕ್ಷ ಮುಟ್ಟಿರೋದರಿಂದ ಪೂರ್ತಿ ಮೊತ್ತದ ಶೇ 1 ಟಿಡಿಎಸ್ (ಓನರಿಗೆ ಕೊಡೋ ಹಣದಲ್ಲೇ ಹಿಡಿಯೋ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ಓನರ್ ಅನಿವಾಸಿ ಭಾರತೀಯರಾದರೆ ಈ ಶೇ 1 ನಡೆಯಲ್ಲ, ದರ ಬಹಳ ಹೆಚ್ಚು.

ಹೊಸಮನೆ_82

ತುಂಬಾ ಉಪಕಾರ ಆಯ್ತು. ಮಾರೋ ಯೋಚನೆ ಬಿಟ್ಟೆ. ಬಾಡಿಗೆ ಬದಲು 12 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿ ಸಾಲ ಇಳಿಸಿಕೊಳ್ಳಬಹುದಾ?

ತಿಂಗಳ_ಬಾಡಿಗೆ

ಬೇಡ. ಭೋಗ್ಯದ ದುಡ್ಡು ನಿಮ್ಮದಲ್ಲ, ಅವಧಿ ಮುಗಿದ ದಿನ ಒಂದೇ ಗಂಟಲ್ಲಿ ವಾಪಸ್ ಕೊಡಬೇಕು. ಸಾಲಕ್ಕೆ ಹಾಕಿಬಿಟ್ಟರೆ ಆಗ ಎಲ್ಲಿಂದ ತರ್ತೀರಿ? ಮನೆ ಬ್ಯಾಂಕಿಗೆ ಅಡವಿದ್ದಾಗ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಟ್ಟರೆ ಬಂದು ಸೇರಿದವರ ದುಡ್ಡಿಗೂ ಭದ್ರತೆ ಇರಲ್ಲ.

ಬಾಡಿಗೆ ಲೆಕ್ಕ ಹೀಗಿದೆ: 48 ಲಕ್ಷಕ್ಕೆ 20 ವರ್ಷದ ಕಂತು ಸುಮಾರು 41,650. ಬಾಡಿಗೆ 20,000. ಪ್ರತಿ ತಿಂಗಳು 21 ಸಾವಿರ ಚಿಲ್ಲರೆ ಸಂಬಳದಿಂದ ತುಂಬಬೇಕು, ವರ್ಷಕ್ಕೆ ಒಂದು ತಿಂಗಳು ಖಾಲಿ ಇರುತ್ತೆ ಅಂತಲೂ ಸೇರಿಸಿ. ಅದು ನಿಮ್ಮಿಂದ ಆಗುತ್ತೆ ಅಂದ್ರೆ ಮಾತ್ರ ಮುಂದುವರಿಯಿರಿ, ಅದೂ ತೇವದ ಗೋಡೆ ತೋರಿಸಿ ದರ ಇಳಿಸಿದ ಮೇಲೆ. ಬಾಡಿಗೆ ಮನೆಗೆ ಮಾಡ್ಯುಲರ್ ಕಿಚನ್ ಬೇಕಿಲ್ಲ. ನೋಂದಣಿ ಎಲ್ಲ ಕಳೆದು ನಿಮ್ಮಲ್ಲಿ 2.84 ಲಕ್ಷ ಉಳಿಯುತ್ತೆ, ಅದರಲ್ಲಿ ಬಾತ್‌ರೂಮ್, ವೈರಿಂಗ್, ಪೇಂಟ್ ಮಾತ್ರ.

ನೀರು ಎಲ್ಲಿಂದ ಅಂತ ಈಗಲೇ ಕೇಳಿ. ಕಾವೇರಿ ಕನೆಕ್ಷನ್ ಇದೆಯಾ, ಬರೀ ಬೋರಾ? 2024ರ ಬೇಸಿಗೆಯಲ್ಲಿ ಬೋರ್ ಬತ್ತಿದ ಕಡೆಯೆಲ್ಲ ಟ್ಯಾಂಕರ್ ಖರ್ಚಿಗೆ ಮೇಂಟೆನೆನ್ಸ್ ಏರಿತ್ತು. ಅಸೋಸಿಯೇಷನ್‌ನ ಮಾರ್ಚ್-ಏಪ್ರಿಲ್ ಲೆಕ್ಕ ತೋರಿಸಿ ಅನ್ನಿ.

ಕರಾರು 11 ತಿಂಗಳಿಗೆ, ವರ್ಷಕ್ಕೆ ಶೇ 5 ಏರಿಕೆ. ಬಿಡುವಾಗ ಪೇಂಟಿಗೆ ಎಷ್ಟು ಹಿಡೀತೀರಿ ಅಂತ ಮೊದಲೇ ಬರೆದಿಡಿ, ಜಗಳ ಆಗೋದು ಅಲ್ಲೇ. ಹಳೇ ಬಾಡಿಗೆದಾರರು ಗೃಹಜ್ಯೋತಿಗೆ ನಿಮ್ಮ ಮೀಟರಿನ ಆರ್‌ಆರ್ ನಂಬರ್ ಜೋಡಿಸಿದ್ದರೆ, ಅಡ್ವಾನ್ಸ್ ವಾಪಸ್ ಕೊಡೋ ಮುಂಚೆ ಅದನ್ನ ಬಿಡಿಸಲು ಹೇಳಿ. ಇಲ್ಲದಿದ್ದರೆ ಹೊಸಬರು ಅರ್ಜಿ ಹಾಕೋವಾಗ ತೊಡಕಾಗುತ್ತೆ.