ಗಂಟಲಿಗೆ ಕರೆಂಟ್ ಕೊಡಿಸಿ ಎರಡು ವರ್ಷ: ಕಾಯಿಲೆ ಹೋಯಿತು, ಉಳಿದದ್ದನ್ನು ಏನು ಮಾಡುವುದು?

ದಾವಣಗೆರೆಯಿಂದ, ಮಗಳ ಪ್ರಶ್ನೆ

ನನ್ನ ತಂದೆಯವರಿಗೆ 61 ವರ್ಷ. ಗಂಟಲಿನ ಕ್ಯಾನ್ಸರ್‌ಗೆಂದು ಏಳು ವಾರಗಳಲ್ಲಿ 35 ಸಲ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ನಡುವೆ ಕಿಮೊ ಕೂಡ ಆಯಿತು. ಮುಗಿದು ಎರಡು ವರ್ಷ. ಸ್ಕ್ಯಾನಿನಲ್ಲಿ ಏನೂ ಇಲ್ಲ, ಗುಣವಾಗಿದೆ ಎಂದು ಡಾಕ್ಟರು ಬೆನ್ನು ತಟ್ಟಿ ಕಳುಹಿಸಿದ್ದಾರೆ. ಆದರೆ ಅಪ್ಪಾಜಿಯ ಬಾಯಿ ಸದಾ ಒಣಗಿಯೇ ಇರುತ್ತದೆ. ಜೋಳದ ರೊಟ್ಟಿ ಬಿಟ್ಟೇಬಿಟ್ಟಿದ್ದಾರೆ. ಕುತ್ತಿಗೆ ಹಲಗೆಯಂತೆ ಬಿಗಿದಿದೆ, ಬಾಯಿ ಪೂರ್ತಿ ತೆರೆಯುವುದಿಲ್ಲ. ಮದುವೆ, ಗೃಹಪ್ರವೇಶ ಎಂದರೆ ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಇವೆಲ್ಲ ಮುಂದೆ ಹೋಗುತ್ತವೆಯೇ? ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸುತ್ತಿದ್ದೀರಿ?

ತುಮಕೂರಿನಿಂದ, ನಿವೃತ್ತ ಬಸ್ ಕಂಡಕ್ಟರ್

ಕೆಲವು ಹೋಗುತ್ತವೆ ತಾಯಿ, ಕೆಲವು ಹೋಗುವುದಿಲ್ಲ, ಇನ್ನು ಕೆಲವು ವರ್ಷಗಳಾದ ಮೇಲೆ ಹೊಸದಾಗಿ ಬರುತ್ತವೆ. ಈ ಮೂರನೆಯ ಮಾತು ನನ್ನ ತಲೆಗೆ ಮೊದಲೇ ಹೋಗಿದ್ದರೆ ದವಡೆಯ ಒಂದು ಚೂರು ಉಳಿಯುತ್ತಿತ್ತು.

ನನಗೀಗ 66. ನಾಲಿಗೆಯ ಬುಡದಲ್ಲಿ ಗಡ್ಡೆ, ಬೀಡಿಯ ಪ್ರಸಾದ. ದಿನಕ್ಕೆ 2ರಂತೆ ಒಟ್ಟು 70 ಗ್ರೇ (ಕಿರಣದ ಅಳತೆ) ಕೊಟ್ಟರು, ಒಂಬತ್ತು ವರ್ಷದ ಹಿಂದೆ. ರುಚಿ ಎಂಟು ತಿಂಗಳಲ್ಲಿ ಮುಕ್ಕಾಲು ಪಾಲು ಮರಳಿತು, ಕಾಫಿ ಮಾತ್ರ ಈಗಲೂ ಹಳೆಯ ಕಾಫಿಯಲ್ಲ. ಜೊಲ್ಲು ಎರಡು ವರ್ಷದವರೆಗೆ ಚೂರು ಚೂರೇ ಸುಧಾರಿಸಿ ಅಲ್ಲಿಗೆ ನಿಂತುಬಿಟ್ಟಿತು. ಕಿವಿಯ ಮುಂಭಾಗದಲ್ಲಿ ಎರಡೂ ಕಡೆ ದೊಡ್ಡ ಜೊಲ್ಲಿನ ಗ್ರಂಥಿಗಳಿವೆ. ಅವುಗಳ ಮೇಲೆ ಬಿದ್ದದ್ದು ಸರಾಸರಿ 26 ಗ್ರೇಗಿಂತ ಕಡಿಮೆಯಾದರೆ ಚೇತರಿಸಿಕೊಳ್ಳುವ ಆಸೆ ಹೆಚ್ಚು ಎಂದು ಡಾಕ್ಟರು ವಿವರಿಸಿದರು. ಐಎಂಆರ್‌ಟಿ ಎಂಬ ವಿಧಾನದಲ್ಲಿ ಗ್ರಂಥಿಗಳನ್ನು ಆದಷ್ಟು ತಪ್ಪಿಸಿ ಕಿರಣ ಬಿಡುತ್ತಾರೆ. ನನ್ನದು ಹಳೆಯ ಕೋಬಾಲ್ಟ್ ಯಂತ್ರ, ತಪ್ಪಿಸಿಕೊಳ್ಳಲು ಗ್ರಂಥಿಗೆ ದಾರಿಯೇ ಇರಲಿಲ್ಲ. ನಿಮ್ಮ ತಂದೆಯವರಿಗೆ ಯಾವ ಭಾಗಕ್ಕೆ, ಯಾವ ವಿಧಾನದಲ್ಲಿ, ಎಷ್ಟು ಗ್ರೇ ಕೊಟ್ಟರು ಎಂಬ ಚೀಟಿಯನ್ನು ಆಸ್ಪತ್ರೆಯಿಂದ ಬರೆಸಿಕೊಂಡು ಇಟ್ಟುಕೊಳ್ಳಿ. ಅದು ಮುಂದೆ ಪಡಿತರ ಚೀಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಬಾಯಿ ಒಣಗುತ್ತದೆಂದು ಕಲ್ಲುಸಕ್ಕರೆ ಇಟ್ಟುಕೊಳ್ಳುವುದನ್ನು ಕಲಿತೆ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ‘ಟಿ’ ಎನ್ನುವಷ್ಟರಲ್ಲಿ ಸ್ಟಾಪ್ ಬಂದಿರುತ್ತಿತ್ತು. ಒಂದು ಹರಳು ಬಾಯಲ್ಲಿದ್ದರೆ ಮಾತು ಹೊರಡುತ್ತಿತ್ತು. ಒಂದು ವರ್ಷ ಜೇಬಿನಲ್ಲಿ ಚಿಲ್ಲರೆಯ ಜೊತೆ ಕಲ್ಲುಸಕ್ಕರೆ. ಹಲ್ಲು ತೊಳೆಯಲು ಜೊಲ್ಲೇ ಇಲ್ಲದ ಬಾಯಿಗೆ ದಿನವಿಡೀ ಸಕ್ಕರೆ! ಒಸಡಿನ ಅಂಚಿನಲ್ಲಿ ಹಲ್ಲುಗಳಿಗೆ ಕಪ್ಪು ಪಟ್ಟಿ ಬಂತು, ಆಮೇಲೆ ಒಂದೊಂದಾಗಿ ಬಿಸ್ಕತ್ತಿನಂತೆ ಮುರಿದವು.

ಕೆಳಗಿನ ದವಡೆ ಹಲ್ಲೊಂದು ನೋಯುತ್ತಿತ್ತು. ಬಸ್ ನಿಲ್ದಾಣದ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಕೀಳಿಸಿಕೊಂಡು ಬಂದೆ. ಕರೆಂಟ್ ಕೊಟ್ಟ ವಿಷಯ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಆ ಗುಣಿ ಐದು ತಿಂಗಳು ಮುಚ್ಚಲಿಲ್ಲ. ನಾಲಿಗೆ ತಾಗಿಸಿದರೆ ಒರಟಾಗಿ, ಪಿಂಗಾಣಿ ಬಟ್ಟಲು ಒಡೆದ ಅಂಚಿನಂತೆ ಏನೋ ಸಿಗುತ್ತಿತ್ತು. ಅದು ನನ್ನದೇ ಮೂಳೆ. ಕಿರಣ ಬಿದ್ದ ದವಡೆಯಲ್ಲಿ ಸಣ್ಣ ರಕ್ತನಾಳಗಳು ಮುಚ್ಚಿಹೋಗಿರುವುದರಿಂದ ಗಾಯ ಆರುವುದಿಲ್ಲ, ಮೂಳೆ ಸಾಯುತ್ತದೆ; ಇದರ ಅಪಾಯ ಹತ್ತು ವರ್ಷವಾದರೂ ತೀರುವುದಿಲ್ಲ. ಕೊನೆಗೆ ಸತ್ತ ಚೂರನ್ನು ಕೆರೆದು ತೆಗೆದರು. ರಕ್ತ ಸಂಚಾರ ಸುಧಾರಿಸುವ ಪೆಂಟಾಕ್ಸಿಫಿಲಿನ್ ಮಾತ್ರೆಯನ್ನೂ ವಿಟಮಿನ್ ಇಯನ್ನೂ ತಿಂಗಳುಗಟ್ಟಲೆ ನುಂಗಿದೆ.

ಈಗ ನನ್ನ ರಾತ್ರಿಯ ಪೂಜೆ ಹೀಗಿದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಕರಗಿಸಿ ಊಟವಾದಾಗಲೆಲ್ಲ ಬಾಯಿ ಮುಕ್ಕಳಿಸುವುದು. ಮಲಗುವ ಮುನ್ನ ಮೆತ್ತನೆಯ ಬ್ರಷ್. ಆಮೇಲೆ ನನ್ನ ಹಲ್ಲಿನ ಅಚ್ಚು ತೆಗೆದು ಮಾಡಿಕೊಟ್ಟ ತಟ್ಟೆಗೆ ಫ್ಲೋರೈಡ್ ಜೆಲ್ ಸವರಿ ಹತ್ತು ನಿಮಿಷ ಕಚ್ಚಿಕೊಂಡು ಕೂರುವುದು, ಅರ್ಧ ಗಂಟೆ ಏನನ್ನೂ ಕುಡಿಯದಿರುವುದು. ಜೀವ ಇರುವವರೆಗೆ ಇದೇ. ಹಾಸಿಗೆಯ ಪಕ್ಕ ನೀರಿನ ಬಾಟಲಿ, ಪ್ರತಿ ತುತ್ತಿಗೂ ಒಂದು ಗುಟುಕು ನೀರು.

ಮಂಡ್ಯದಿಂದ, ಗೃಹಿಣಿ

ನಮ್ಮ ಮನೆಯವರಿಗೆ ಆಗಿ ನಾಲ್ಕು ವರ್ಷ. ನಾನು ಅಡುಗೆಮನೆಯ ಕಡೆಯಿಂದ ಹೇಳುತ್ತೇನೆ.

ಮುದ್ದೆ ಹೇಗಿದ್ದರೂ ಅಗಿಯುವ ಪದಾರ್ಥವಲ್ಲ, ನುಂಗುವುದೇ ತಾನೇ, ಇವರಿಗೆ ಇದಕ್ಕಿಂತ ಸುಲಭದ ಊಟ ಇಲ್ಲವೆಂದು ನಾನು ನಂಬಿದ್ದೆ. ಮೊದಲ ತುತ್ತೇ ಗಂಟಲಲ್ಲಿ ಕೂತಿತು, ಕಣ್ಣಲ್ಲಿ ನೀರು ಬಂತು. ನುಂಗಲು ಜಾರಬೇಕು, ಜಾರಲು ಜೊಲ್ಲು ಬೇಕು. ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ಈಗ ಹಿಟ್ಟನ್ನು ತೆಳ್ಳಗೆ ತಿರುವುತ್ತೇನೆ, ತುಪ್ಪ ಸವರುತ್ತೇನೆ, ಅಡಿಕೆ ಗಾತ್ರಕ್ಕೆ ಮುರಿದು ಬಸಳೆ ಸೊಪ್ಪಿನ ಸಾರಿನಲ್ಲಿ ಮುಳುಗಿಸಿಡುತ್ತೇನೆ. ಬಸಳೆಯ ಲೋಳೆ ಜೊಲ್ಲಿನ ಕೆಲಸ ಮಾಡುತ್ತದೆ, ಬೆಂಡೆಕಾಯಿಯೂ ಅಷ್ಟೇ. ಖಾರ, ಹುಣಸೆ, ಟೊಮೆಟೊ ಮೂರೂ ಉರಿ. ಅವರ ಪಾಲಿನ ಸಾರನ್ನು ಮೊದಲೇ ತೆಗೆದಿಟ್ಟು ಜೀರಿಗೆ, ತೆಂಗಿನ ಹಾಲು ಹಾಕಿ, ಮಿಕ್ಕಿದ್ದಕ್ಕೆ ಮೆಣಸಿನ ಪುಡಿ ಹಾಕುತ್ತೇನೆ. ಹುರಿಗಡಲೆ ಪುಡಿ, ಅವಲಕ್ಕಿ, ಚಕ್ಕುಲಿ ಇಂಥ ಒಣ ಪುಡಿಯಾಗುವ ಪದಾರ್ಥ ಹತ್ತಿರ ತರುವುದಿಲ್ಲ. ತೂಕ 68 ಇದ್ದದ್ದು 53ಕ್ಕೆ ಇಳಿದಿತ್ತು. ಈಗ ಪ್ರತಿ ಭಾನುವಾರ ತಕ್ಕಡಿ ಹತ್ತಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ.

ನಿಮ್ಮ ತಂದೆಯವರು ಮದುವೆಗೆ ಏಕೆ ಹೋಗುವುದಿಲ್ಲವೆಂದು ನನಗೆ ಗೊತ್ತು. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಉಳಿದವರು ಏಳುವಂತಿಲ್ಲವಲ್ಲ. ಇವರಿಗೆ ಒಂದು ಊಟಕ್ಕೆ ಮುಕ್ಕಾಲು ಗಂಟೆ. ನನ್ನ ನಾದಿನಿಯ ಮಗನ ಮದುವೆಯಲ್ಲಿ ಸಾಲು ಪೂರ್ತಿ ಕೈ ಒಣಗಿಸಿಕೊಂಡು ಇವರ ಎಲೆಯನ್ನೇ ನೋಡುತ್ತ ಕೂತಿತ್ತು, ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿದ್ದರು. ಇವರು ಅರೆಹೊಟ್ಟೆಯಲ್ಲಿ ಎಲೆ ಮಡಿಸಿದರು. ಮತ್ತೆ ಒಂದು ವರ್ಷ ಎಲ್ಲಿಗೂ ಬರಲಿಲ್ಲ. ಈಗ ಮನೆಯಲ್ಲೇ ಹೊಟ್ಟೆ ತುಂಬ ಉಂಡು ಹೊರಡುತ್ತಾರೆ, ಅಲ್ಲಿ ಪಾಯಸವೊಂದನ್ನೇ ಲೋಟದಲ್ಲಿ ಹಿಡಿದು ಬಂದವರ ಜೊತೆ ಮಾತಾಡುತ್ತ ಓಡಾಡುತ್ತಾರೆ. ನಿಮ್ಮ ತಂದೆಯವರನ್ನು ‘ಬನ್ನಿ ಊಟಕ್ಕೆ’ ಎಂದು ಒತ್ತಾಯಿಸಬೇಡಿ, ‘ಬನ್ನಿ ಮಾತಿಗೆ’ ಎಂದು ಕರೆಯಿರಿ.

ಹುಬ್ಬಳ್ಳಿಯಿಂದ, ಮಗ

ಕಂಡಕ್ಟರ್ ಸಾಹೇಬರ ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ: ಪ್ರತಿ ತುತ್ತಿಗೂ ನೀರು. ನಮ್ಮ ತಂದೆಯವರಿಗೆ ಕಂಟಕವಾದದ್ದೇ ನೀರು.

ಆರು ವರ್ಷ ಚೆನ್ನಾಗಿದ್ದರು. ಆಮೇಲೆ ಊಟದ ನಡುವೆ ನೆತ್ತಿಗೆ ಹತ್ತಲು ಶುರುವಾಯಿತು. ‘ಯಾರೋ ನೆನೆಸುತ್ತಿದ್ದಾರೆ’ ಎಂದು ಅವ್ವ ತಲೆ ತಟ್ಟುವಳು. ದಿನಕ್ಕೆ ನಾಲ್ಕು ಸಲ ನೆನೆಸುವಷ್ಟು ನಂಟರು ನಮಗೆ ಯಾರಿದ್ದಾರೆ ಎಂದು ನಾವು ನಗುತ್ತಿದ್ದೆವು. ಒಂದು ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ. ಎರಡನೆಯ ಸಲ ವೈದ್ಯರೊಬ್ಬರು ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ದ್ರವ ಕುಡಿಸಿ, ನುಂಗುವುದನ್ನು ಎಕ್ಸ್‌ರೇ ವಿಡಿಯೊದಲ್ಲಿ ತೋರಿಸಿದರು. ಕಪ್ಪು ಗೆರೆಯೊಂದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತಿತ್ತು, ಅಪ್ಪ ಕೆಮ್ಮಲೇ ಇಲ್ಲ! ನೆತ್ತಿಗೆ ಹತ್ತಿದ್ದು ನಮಗೆ ಕಾಣುತ್ತಿತ್ತು. ಕಾಣದೆ ಇಳಿಯುತ್ತಿದ್ದದ್ದು ಅದಕ್ಕಿಂತ ಹೆಚ್ಚು. ಗಂಟಲಿನ ಸ್ನಾಯು ಗಡುಸಾಗುತ್ತ, ನರಗಳು ಸೋಲುತ್ತ ಬರುವುದರಿಂದ ಹೀಗೆ ವರ್ಷಗಳ ನಂತರವೂ ಆಗುತ್ತದೆಯಂತೆ.

ನುಂಗುವುದನ್ನು ಕಲಿಸುವವರೂ ಇದ್ದಾರೆ ಎಂದು ತಿಳಿದದ್ದು ಆಗಲೇ. ವಾಕ್ ಚಿಕಿತ್ಸಕರು ಮಾತಷ್ಟೇ ಅಲ್ಲ, ನುಂಗುವಿಕೆಯನ್ನೂ ನೋಡುತ್ತಾರೆ. ನಾವು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿ ನುಂಗುವುದು, ಒತ್ತಿ ನುಂಗುವುದು, ತುತ್ತು ಹೋದ ಮೇಲೆ ಇನ್ನೊಮ್ಮೆ ಬರಿದೇ ನುಂಗುವುದು ಕಲಿಸಿದರು. ನೀರನ್ನೂ ಮಜ್ಜಿಗೆಯನ್ನೂ ಗಂಜಿಯ ಹದಕ್ಕೆ ಮಂದ ಮಾಡಿ ಕೊಡಲು ಹೇಳಿದರು. ಇದು ನಮ್ಮ ತಂದೆಗೆ ಹೇಳಿದ್ದು. ಕೆಲವರಿಗೆ ಗದ್ದ ಬಗ್ಗಿಸಿದರೇ ತೊಂದರೆ, ಕೆಲವರಿಗೆ ಅನ್ನನಾಳ ಕಿರಿದಾಗಿ ಅದನ್ನು ಹಿಗ್ಗಿಸಬೇಕಾಗುತ್ತದೆ. ಪರೀಕ್ಷೆಯಾಗದೆ ನಮ್ಮದನ್ನು ನಕಲು ಮಾಡಬೇಡಿ. ಊಟದ ನಂತರ ಧ್ವನಿ ನೀರು ತುಂಬಿದಂತೆ ಗೊರಗೊರ ಎನ್ನುತ್ತದೆಯೇ, ಆಗಾಗ ಕಾರಣವಿಲ್ಲದೆ ಜ್ವರ ಬರುತ್ತದೆಯೇ ನೋಡಿ. ಇದ್ದರೆ ಆರು ತಿಂಗಳ ತಪಾಸಣೆಯ ಸರದಿಗೆ ಕಾಯಬೇಡಿ.

ಶಿವಮೊಗ್ಗದಿಂದ, ಶಾಲಾ ಶಿಕ್ಷಕಿ

ನನ್ನದು ಚಿಕ್ಕ ಮಾತು. ಚಿಕಿತ್ಸೆಯಾಗಿ ಮೂರನೆಯ ವರ್ಷ ಮೈ ಭಾರ, ಚಳಿ, ಮಧ್ಯಾಹ್ನದ ತರಗತಿಯಲ್ಲಿ ನಿದ್ದೆ. ಮನೆಯವರು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದರು, ನಾನೂ ಒಪ್ಪಿಕೊಂಡೆ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಸೊರಗಿದಾಗ ಏರುವ ಹಾರ್ಮೋನು) ನೋಡಿದರೆ 38! ಕುತ್ತಿಗೆಗೆ ಕಿರಣ ಬಿದ್ದರೆ ಥೈರಾಯ್ಡ್ ನಿಧಾನವಾಗಿ ಸೊರಗುತ್ತದೆ. ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಈ ರಕ್ತ ಪರೀಕ್ಷೆ ಮಾಡಿಸಬೇಕು. ಬೆಳಗ್ಗೆ ಕಾಫಿಗೆ ಅರ್ಧ ಗಂಟೆ ಮೊದಲು ಒಂದು ಮಾತ್ರೆ, ಮುಗಿಯಿತು. ನಿಮ್ಮ ತಂದೆಯವರು ಮದುವೆಗೆ ಹೋಗದಿರಲು ಅರ್ಧ ಕಾರಣ ಇದೂ ಇರಬಹುದು.

ವಿಜಯಪುರದಿಂದ, ಟ್ರ್ಯಾಕ್ಟರ್ ಮೆಕ್ಯಾನಿಕ್

ಬಾಯಿ ತೆರೆಯದ ವಿಷಯ ನನಗೆ ಬಿಡಿ. ಗುಟ್ಕಾದಿಂದ ಅರ್ಧ ಮುಚ್ಚಿತ್ತು, ಉಳಿದರ್ಧ ಕರೆಂಟ್ ಮುಚ್ಚಿಸಿತು. ಅಪ್ಪಾಜಿಗೆ ಅವರದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲು ಹೇಳಿ. ಹಿಡಿಯದಿದ್ದರೆ ಬಾಯಿ ಬಿಗಿದಿದೆ ಎಂದರ್ಥ. ಆಸ್ಪತ್ರೆಯವರ ಲೆಕ್ಕದಲ್ಲಿ 35 ಮಿಲಿಮೀಟರ್‌ಗಿಂತ ಕಡಿಮೆ. ನಾನು ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುತ್ತೇನೆ, ದಿನಕ್ಕೆ ಐದು ಸಲ. ಹನ್ನೊಂದು ಕಡ್ಡಿಯಿಂದ ಶುರುಮಾಡಿದೆ, ಎಂಟು ತಿಂಗಳಲ್ಲಿ ಹದಿನೇಳಕ್ಕೆ ಬಂದೆ. ಹತ್ತು ದಿನ ಬಿಟ್ಟರೆ ಎರಡು ಕಡ್ಡಿ ಹಿಂದಕ್ಕೆ. ಗ್ರೀಸ್ ಕಾಣದ ಕೀಲು ಹಿಡಿದುಕೊಳ್ಳುವುದನ್ನು ದಿನಾ ನೋಡುವವನು ನಾನು, ಅದಕ್ಕೇ ಬಿಡುವುದಿಲ್ಲ. ಹಲ್ಲು ಗಟ್ಟಿ ಇರುವವರಿಗೆ ಮಾತ್ರ ಈ ಕಡ್ಡಿ. ಮೊದಲು ಫಿಸಿಯೊಥೆರಪಿಯವರಿಗೆ ತೋರಿಸಿ. ಕುತ್ತಿಗೆಯನ್ನೂ ಬೆಳಗ್ಗೆ ಬಿಸಿನೀರಿನ ಸ್ನಾನವಾದ ತಕ್ಷಣ ನಾಲ್ಕೂ ಕಡೆ ನಿಧಾನವಾಗಿ ತಿರುಗಿಸಬೇಕು.

ಮಂಗಳೂರಿನಿಂದ, ರೇಡಿಯೇಷನ್ ವಿಭಾಗದಲ್ಲಿ ದುಡಿದ ನರ್ಸ್

ಮೇಲಿನವರು ಹೇಳದೆ ಬಿಟ್ಟದ್ದನ್ನಷ್ಟೇ ಸೇರಿಸುತ್ತೇನೆ. ಜೊಲ್ಲು ಹೆಚ್ಚಿಸಲು ಪೈಲೊಕಾರ್ಪಿನ್ ಎಂಬ ಮಾತ್ರೆ ಇದೆ; ಗ್ರಂಥಿಯಲ್ಲಿ ಒಂದಿಷ್ಟು ಜೀವ ಉಳಿದಿದ್ದರೆ ಕೆಲಸ ಮಾಡುತ್ತದೆ, ಬೆವರು ತರಿಸುತ್ತದೆ. ಅಸ್ತಮಾ, ಕೆಲವು ಬಗೆಯ ಗ್ಲಾಕೊಮಾ ಇರುವವರು ತಾವಾಗಿಯೇ ಕೊಂಡು ನುಂಗಬಾರದು. ಕುತ್ತಿಗೆಯ ದೊಡ್ಡ ರಕ್ತನಾಳಗಳೂ ಕಿರಣದಿಂದ ಕಿರಿದಾಗುತ್ತವೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಆದ್ದರಿಂದ ಬಿಪಿ, ಸಕ್ಕರೆ ಹಿಡಿತದಲ್ಲಿರಲಿ, ಬೀಡಿ ಮತ್ತೆ ಮುಟ್ಟುವುದು ಬೇಡ. ಇನ್ನೊಂದು: ಎಲ್ಲವನ್ನೂ ಕರೆಂಟಿನ ತಲೆಗೆ ಕಟ್ಟಬೇಡಿ. ಹೊಸ ಗಂಟು, ಒಂದೇ ಕಿವಿಯ ನೋವು, ಉಗುಳಿನಲ್ಲಿ ರಕ್ತ, ದಿನದಿಂದ ದಿನಕ್ಕೆ ಕೆಡುವ ಧ್ವನಿ ಕಂಡರೆ ಆ ವಾರವೇ ತೋರಿಸಿ.

ದಾವಣಗೆರೆಯಿಂದ, ಮತ್ತೆ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪಾಜಿಯ ಬಾಯಿಗೆ ಎರಡು ಬೆರಳು ಹಿಡಿಯುತ್ತದೆ, ಮೂರನೆಯದು ಇಲ್ಲ. ಟಿಎಸ್‌ಎಚ್‌ಗೆ ರಕ್ತ ಕೊಟ್ಟು ಬಂದಿದ್ದೇವೆ. ಚಿಕಿತ್ಸೆಯ ಚೀಟಿ ಬೀರುವಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು: 70 ಗ್ರೇ, ಐಎಂಆರ್‌ಟಿ. ಅದನ್ನು ಹಿಡಿದುಕೊಂಡು ಶುಕ್ರವಾರ ಹಲ್ಲಿನ ಡಾಕ್ಟರ ಬಳಿ ಹೋಗುತ್ತಿದ್ದೇವೆ.

ಕಂಡಕ್ಟರ್ ಅಂಕಲ್, ನಿಮ್ಮ ದವಡೆಯ ಕಥೆಯನ್ನು ರಾತ್ರಿ ಅಪ್ಪಾಜಿಗೆ ಓದಿ ಹೇಳಿದೆ. ಅವರು ಮಾತಾಡದೆ ಎದ್ದು ಹೋದರು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಹೇಳಿದಳು: ಕೆಳಗಿನ ಹಲ್ಲೊಂದು ಒಂದು ತಿಂಗಳಿಂದ ಅಲ್ಲಾಡುತ್ತಿದೆಯಂತೆ, ಡಾಕ್ಟರಿಗೆ ಏಕೆ ದುಡ್ಡು ಎಂದು ಅದಕ್ಕೆ ತಾವೇ ದಾರ ಕಟ್ಟಿ ಕೀಳುವವರಿದ್ದರಂತೆ. ದಾರದ ಉಂಡೆ ಈಗ ನನ್ನ ಹತ್ತಿರ ಇದೆ.